ಮಡ್ಡಿಯ ಗಿಡಗಳನ್ನು ಗುರುತಿಸುವುದು: ಅಭ್ಯಾಸ ಬೋಧನೆಗೆ ಒಂದು ಕ್ಷೇತ್ರ ಪಾಠ

ಸಸ್ಯಗಳ ಪಾಠಕ್ಕೆ ಚಿತ್ರಪಟ ಹಿಡಿದು ಹೋಗುವುದು ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ರೂಢಿ. ಪಟದಲ್ಲಿ ಮಾವು, ತೆಂಗು, ಗುಲಾಬಿ, ದಾಸವಾಳ ಇರುತ್ತವೆ. ಶಾಲೆಯ ಕಿಟಕಿಯಾಚೆ ಇರುವುದು ಬೇವು, ಜಾಲಿ, ಬನ್ನಿ, ಎಕ್ಕೆ, ಅವರಿಕೆ. ವಿಜಯಪುರ, ತಿಕೋಟಾ, ಬಬಲೇಶ್ವರ ಭಾಗದ ಮಕ್ಕಳು ದಿನವೂ ಕಾಣುವ ಗಿಡಗಳು ಪಾಠದೊಳಗೆ ಬರುವುದೇ ಇಲ್ಲ. ಈ ಲೇಖನದಲ್ಲಿ ನಮ್ಮ ಭಾಗದ ಗುಡ್ಡದ ಬುಡ, ಮಡ್ಡಿ, ಹಳ್ಳಗಳಲ್ಲಿ ತಾವಾಗಿಯೇ ಬೆಳೆಯುವ ಗಿಡ ಹಾಗೂ ಹೂಗಳನ್ನು ಮಕ್ಕಳು ಗುರುತಿಸುವಂತೆ ಮಾಡುವ ಕ್ರಮವನ್ನು ವಿವರಿಸಿದ್ದೇನೆ. ಉನ್ನತ ಪ್ರಾಥಮಿಕ ತರಗತಿಗಳನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡಿದ್ದರೂ ಪ್ರೌಢಶಾಲೆಗೂ ಇದು ಹೊಂದುತ್ತದೆ.

ಇದು ಯಾಕೆ ಮುಖ್ಯ?

ನಮ್ಮ ಜಿಲ್ಲೆ ರಾಜ್ಯದಲ್ಲೇ ಅತಿ ಕಡಿಮೆ ಅರಣ್ಯವಿರುವ ಜಿಲ್ಲೆಗಳಲ್ಲಿ ಒಂದು. ಕೋಟಿ ವೃಕ್ಷ ಅಭಿಯಾನದಂಥ ಪ್ರಯತ್ನಗಳು ನಡೆದಿರುವುದೂ ಈ ಕಾರಣಕ್ಕೇ. ಸಸಿ ನೆಡುವುದು ಒಂದು ಕೆಲಸ. ತಾನಾಗಿ ಹುಟ್ಟಿದ ಸಸಿಯನ್ನು ಗುರುತಿಸಿ ಉಳಿಸುವುದು ಇನ್ನೊಂದು ಕೆಲಸ. ಹೊಲದ ಒಡ್ಡಿನ ಮೇಲೆ, ಶಾಲೆಯ ಕಂಪೌಂಡಿನ ಮೂಲೆಯಲ್ಲಿ ಹುಟ್ಟುವ ಬನ್ನಿಯ ಸಸಿ ಮುಳ್ಳುಮುಳ್ಳಾಗಿ ಇರುತ್ತದೆ. ನೋಡಿದವರು ಅದನ್ನು ಬಳ್ಳಾರಿ ಜಾಲಿ ಎಂದುಕೊಂಡು ಕಿತ್ತು ಹಾಕುತ್ತಾರೆ. ಮರುವಾರವೇ ಅದೇ ಜಾಗದಲ್ಲಿ ಗುಂಡಿ ತೋಡಿ ನರ್ಸರಿಯಿಂದ ತಂದ ಸಸಿ ನೆಟ್ಟು, ಬೇಸಿಗೆಯಲ್ಲಿ ಅದಕ್ಕೆ ನೀರು ಹೊರುತ್ತಾರೆ. ಕಿತ್ತು ಹಾಕಿದ ಬನ್ನಿಗೆ ಆ ನೀರು ಬೇಕಾಗುತ್ತಿರಲಿಲ್ಲ.

ಇನ್ನೊಂದು ಕಾರಣವೂ ಇದೆ. ಏತ ನೀರಾವರಿ ಬಂದ ಮೇಲೆ ತಿಕೋಟಾ, ಬಬಲೇಶ್ವರ ಭಾಗದ ಒಣಭೂಮಿಯಲ್ಲಿ ದ್ರಾಕ್ಷಿ, ಕಬ್ಬು, ಲಿಂಬೆ ಹೆಚ್ಚಿವೆ. ಇದು ರೈತರ ಬಾಳಿಗೆ ಒಳ್ಳೆಯದೇ. ಆದರೆ ಹೊಲ ಸಮ ಮಾಡುವಾಗ ಒಡ್ಡಿನ ಹಳೆಯ ಗಿಡಗಳು ಹೋಗುತ್ತವೆ, ಅವುಗಳ ಜತೆಗೆ ಅವುಗಳ ಹೆಸರೂ ಹೋಗುತ್ತದೆ. ಅಜ್ಜ ಹತ್ತಿಪ್ಪತ್ತು ಗಿಡದ ಹೆಸರು ಹೇಳುವ ಮನೆಯಲ್ಲಿ ಮೊಮ್ಮಗ ಎಲ್ಲವನ್ನೂ 'ಕಂಟಿ' ಎನ್ನುತ್ತಾನೆ. ಹೆಸರಿಲ್ಲದ ಗಿಡವನ್ನು ಕಡಿಯಲು ಯಾರೂ ಹಿಂದೆಮುಂದೆ ನೋಡುವುದಿಲ್ಲ.

ನಮ್ಮ 'ಗುಡ್ಡ' ಎಂದರೇನು?

ಮಲೆನಾಡಿನ ಬೆಟ್ಟವನ್ನು ಮಕ್ಕಳು ಪಠ್ಯದಲ್ಲಿ ಮಾತ್ರ ನೋಡಿರುತ್ತಾರೆ. ನಮ್ಮಲ್ಲಿರುವುದು ತಲೆ ಚಪ್ಪಟೆಯಾದ ಕಿರುಗುಡ್ಡ ಮತ್ತು ಮಡ್ಡಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಪದರಪದರವಾಗಿ ಹರಿದ ಲಾವಾ ಆರಿ ಆದ ಬಸಾಲ್ಟ್ ಕಲ್ಲಿನ ಮೇಲೆ ನಾವಿದ್ದೇವೆ. ಗುಡ್ಡದ ನೆತ್ತಿಯಲ್ಲಿ ಮಣ್ಣು ತೆಳುವು, ಗರಸು ಹೆಚ್ಚು. ಮಳೆನೀರು ಸಣ್ಣ ಮಣ್ಣನ್ನು ಕೆಳಕ್ಕೆ ಒಯ್ಯುವುದರಿಂದ ಬುಡದಲ್ಲಿ ಮಣ್ಣು ಆಳ. ಇನ್ನೂ ಕೆಳಗೆ ಎರಿ ಹೊಲ, ಅದರಾಚೆ ಹಳ್ಳ. ಸಾರವಾಡದ ಕಡೆ ಹೋದರೆ ಡೋಣಿ ನದಿಯ ದಂಡೆಯ ಆಳವಾದ ಎರಿ ಸಿಗುತ್ತದೆ.

ಈ ಇಳಿಜಾರನ್ನು ಕಪ್ಪುಹಲಗೆಯ ಮೇಲೆ ಒಂದು ಗೆರೆಯಲ್ಲಿ ಬರೆದು ತೋರಿಸಿದರೆ ಅರ್ಧ ಪಾಠ ಮುಗಿದಂತೆ. ನೆತ್ತಿಯಲ್ಲಿ ಸಾಮಾನ್ಯವಾಗಿ ಹುಲ್ಲು, ಅವರಿಕೆ, ನೆಲಕ್ಕಂಟಿದ ವಿಷ್ಣುಕ್ರಾಂತಿ. ಇಳಿಜಾರಿನಲ್ಲಿ ಬಾರಿ, ಬಿಳಿಜಾಲಿ. ಬುಡದಲ್ಲಿ ಬೇವು, ಬನ್ನಿ, ಅಲ್ಲೊಂದು ಇಲ್ಲೊಂದು ಮುತ್ತಲ. ಹಳ್ಳದ ದಂಡೆಯಲ್ಲಿ ಹುಲಗಲ, ಲಕ್ಕಿ, ಕರಿಜಾಲಿ, ಎಲ್ಲೆಲ್ಲೂ ನುಗ್ಗಿದ ಬಳ್ಳಾರಿ ಜಾಲಿ. ಗಿಡ ಎಲ್ಲಿ ನಿಂತಿದೆ ಎಂಬುದೇ ಅದನ್ನು ಗುರುತಿಸುವ ಮೊದಲ ಸುಳಿವು ಎಂದು ಮಕ್ಕಳಿಗೆ ಇಲ್ಲಿ ತಿಳಿಯುತ್ತದೆ.

ಮೊದಲ ತೊಡಕು: 'ಗಿಡ'ವೋ 'ಮರ'ವೋ

ಆರನೆಯ ತರಗತಿಯ ವಿಜ್ಞಾನದಲ್ಲಿ ಸಸ್ಯಗಳನ್ನು ಮೂಲಿಕೆ, ಪೊದೆ, ಮರ ಎಂದು ವಿಂಗಡಿಸುತ್ತೇವೆ. ನಮ್ಮ ಭಾಗದ ಮಗುವಿಗೆ ನೂರು ವರ್ಷದ ಆಲವೂ 'ಆಲದ ಗಿಡ', ಬೇವೂ 'ಬೇವಿನ ಗಿಡ'. "ಸರ್, ಬೇವಿನ ಗಿಡ ಅಂತೀವಲ್ರೀ, ಮರ ಅಂತ ಯಾಕ ಬರೀಬೇಕು?" ಎಂದು ಮಗು ಕೇಳಿದರೆ ಅದನ್ನು ತಪ್ಪು ಎಂದು ತಿದ್ದಬಾರದು. ಉತ್ತರ ಕರ್ನಾಟಕದಲ್ಲಿ 'ಗಿಡ' ಎಂಬುದು ಮರಕ್ಕೂ ಸಲ್ಲುವ ಮಾತು. ದಕ್ಷಿಣದಲ್ಲಿ ಅದು ಸಣ್ಣ ಸಸ್ಯಕ್ಕೆ ಮಾತ್ರ ನಿಂತಿದೆ. ಮನೆಯ ಮಾತಿನ 'ಗಿಡ' ಮತ್ತು ಪಾಠದ 'ಮರ' ಎರಡೂ ಸರಿ ಎಂದು ಹೇಳಿ, ಪಾಠದ ಮಾತಿಗೆ ಇರುವ ಅಳತೆಯನ್ನು ವಿವರಿಸಬೇಕು. ಕಾಂಡ ಹಸಿರಾಗಿ ಮೆತ್ತಗಿದ್ದರೆ ಮೂಲಿಕೆ. ಕಾಂಡ ಗಟ್ಟಿಯಾಗಿದ್ದು ಬುಡದಿಂದಲೇ ಕವಲೊಡೆದರೆ ಪೊದೆ. ಗಟ್ಟಿಯಾದ ದಪ್ಪ ಕಾಂಡ ಮೇಲೆ ಹೋಗಿ ಕವಲೊಡೆದರೆ ಮರ.

ಈ ಅಳತೆಗೂ ಮಿತಿಯಿದೆ. ಕುರಿ, ಆಡು ಪದೇಪದೇ ಮೇಯ್ದ ಬನ್ನಿ ಪೊದೆಯಂತೆ ಕುಗ್ಗಿ ನಿಂತಿರುತ್ತದೆ. ಕಾಪಾಡಿದ ಬನ್ನಿ ಮರವಾಗುತ್ತದೆ. ಬಳ್ಳಾರಿ ಜಾಲಿಯೂ ಕಡಿದಲ್ಲಿ ಪೊದೆ, ಬಿಟ್ಟಲ್ಲಿ ಮರ. ಎರಡನ್ನೂ ತೋರಿಸಿ "ಇದು ಯಾವ ಗುಂಪು?" ಎಂದು ಕೇಳಿದರೆ ಮಕ್ಕಳು ವಾದಿಸುತ್ತಾರೆ. ಆ ವಾದ ನಡೆಯಲಿ. ವಿಂಗಡಣೆ ನಾವು ಅನುಕೂಲಕ್ಕೆ ಮಾಡಿಕೊಂಡದ್ದು, ಸಸ್ಯಕ್ಕೆ ಅದು ಗೊತ್ತಿಲ್ಲ ಎಂಬ ಅರಿವು ವಿಜ್ಞಾನದ ಮುಖ್ಯ ಕಲಿಕೆ.

ನೋಡಬೇಕಾದ ಐದು ಅಂಶಗಳು

ಗಿಡದ ಮುಂದೆ ನಿಂತ ಮಗುವಿಗೆ ಎಲ್ಲವೂ ಹಸಿರಾಗಿಯೇ ಕಾಣುತ್ತದೆ. ಏನನ್ನು ನೋಡಬೇಕು ಎಂದು ಕ್ರಮವಾಗಿ ಹೇಳಿಕೊಡಬೇಕು.

1. ಎಲೆ ಒಂಟಿಯೋ, ಕೂಡೆಲೆಯೋ? ಬೇವಿನ ಕಡ್ಡಿಯ ಮೇಲಿರುವ ಪ್ರತಿ ಹಸಿರು ಚೂರನ್ನೂ ಮಕ್ಕಳು ಎಲೆ ಎನ್ನುತ್ತಾರೆ. ನಿಜವಾಗಿ ಇಡೀ ಕಡ್ಡಿಯೇ ಒಂದು ಎಲೆ, ಅದರ ಮೇಲಿರುವವು ಕಿರುಎಲೆಗಳು. ಪರೀಕ್ಷಿಸುವುದು ಸುಲಭ. ಎಲೆಯ ತೊಟ್ಟು ಕೊಂಬೆಗೆ ಸೇರುವ ಕಂಕುಳಲ್ಲಿ ಒಂದು ಮೊಗ್ಗು ಇರುತ್ತದೆ. ಕಿರುಎಲೆಯ ಬುಡದಲ್ಲಿ ಮೊಗ್ಗು ಇರುವುದಿಲ್ಲ. ಮೊಗ್ಗು ಎಲ್ಲಿದೆಯೋ ಅಲ್ಲಿಂದ ಎಲೆ ಶುರು.

2. ಎಲೆಗಳ ಜೋಡಣೆ. ಎಕ್ಕೆ, ತುಂಬೆಗಳಲ್ಲಿ ಎಲೆಗಳು ಎದುರುಬದುರು. ಬೇವು, ಬಾರಿಗಳಲ್ಲಿ ಒಂದಾದ ಮೇಲೊಂದು, ಅಂದರೆ ಪರ್ಯಾಯ.

3. ಮುಳ್ಳು. ಇದೆಯೋ ಇಲ್ಲವೋ ಎಂಬುದಕ್ಕಿಂತ ಎಲ್ಲಿದೆ ಎಂಬುದು ಮುಖ್ಯ. ಗೆಣ್ಣಿನಲ್ಲಿ ಜೋಡಿಯಾಗಿದೆಯೋ, ಗೆಣ್ಣುಗಳ ನಡುವೆ ಚದುರಿದೆಯೋ? ನೆಟ್ಟಗೋ, ಕೊಕ್ಕೆಯೋ?

4. ತೊಗಟೆ ಮತ್ತು ಕಾಂಡ. ಬಣ್ಣ, ಬಿರುಕು, ಹಾಲು ಒಸರುತ್ತದೆಯೇ ಎಂಬುದು. ತುಂಬೆ, ತುಳಸಿಯ ಎಳೆಕಾಂಡವನ್ನು ಬೆರಳ ನಡುವೆ ಹೊರಳಿಸಿದರೆ ನಾಲ್ಕು ಮೂಲೆ ಸಿಗುತ್ತದೆ. ಎರಡೂ ಒಂದೇ ಕುಟುಂಬದವು.

5. ಹೂವು ಮತ್ತು ಕಾಯಿ. ಗುರುತಿಗೆ ಇದೇ ಗಟ್ಟಿ ಆಧಾರ. ಹೂವಿಲ್ಲದ ಕಾಲದಲ್ಲಿ ಗಿಡದ ಕೆಳಗೆ ಬಿದ್ದ ಒಣಕಾಯಿಯನ್ನು ಹುಡುಕಬೇಕು.

ಇಷ್ಟನ್ನು ನೋಡಿ ಬರೆದುಕೊಂಡ ಮೇಲೆಯೇ ಹೆಸರು ಕೇಳಬೇಕು. ಹೆಸರನ್ನು ಮೊದಲು ಹೇಳಿಬಿಟ್ಟರೆ ನೋಡುವ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ನಾಲ್ಕು ಮುಳ್ಳುಗಿಡ, ಒಂದು ಬಾರಿ: ಗುರುತಿನ ಕೀಲಿ

ನಮ್ಮ ಮಡ್ಡಿಯ ಬಹುಪಾಲು ಗಿಡಗಳಿಗೆ ಮುಳ್ಳಿದೆ. ಮಕ್ಕಳಿಗೂ ದೊಡ್ಡವರಿಗೂ ಗೊಂದಲ ಹುಟ್ಟುವುದು ಇಲ್ಲಿಯೇ. ಸಸ್ಯವಿಜ್ಞಾನದಲ್ಲಿ ಬಳಸುವ ಕವಲುಕೀಲಿಯನ್ನು ಸರಳ ಮಾಡಿ ಹೀಗೆ ಕೊಡಬಹುದು.

ಹೆಜ್ಜೆ 1: ಎಲೆ ಒಂಟಿ, ಬುಡದಿಂದ ಮೂರು ನರ ಹೊರಟಿವೆ, ಅಡಿಭಾಗ ಬೆಳ್ಳಗೆ ತುಪ್ಪಳದಂತಿದೆ ಎಂದಾದರೆ ಅದು ಬಾರಿ. ಎಲೆ ತುಂಬ ಸಣ್ಣ ಕಿರುಎಲೆಗಳಾಗಿ ಒಡೆದಿದ್ದರೆ ಹೆಜ್ಜೆ 2ಕ್ಕೆ ಹೋಗಿ.

ಹೆಜ್ಜೆ 2: ಮುಳ್ಳು ಗಿಡ್ಡ, ಬುಡ ಅಗಲ, ಗೆಣ್ಣುಗಳ ನಡುವೆ ಅಲ್ಲಲ್ಲಿ ಚದುರಿವೆ ಎಂದಾದರೆ ಅದು ಬನ್ನಿ. ಮುಳ್ಳು ಗೆಣ್ಣಿನಲ್ಲೇ, ಹೆಚ್ಚಾಗಿ ಜೋಡಿಯಾಗಿ ಇದ್ದರೆ ಹೆಜ್ಜೆ 3ಕ್ಕೆ ಹೋಗಿ.

ಹೆಜ್ಜೆ 3: ಹೂವು ಉದ್ದನೆಯ ತೆನೆಯಂತಿದೆ, ಕಾಯಿ ಹಣ್ಣಾದಾಗ ಹುಲ್ಲಿನ ಹಳದಿ ಬಣ್ಣ, ಒಳಗೆ ಸಿಹಿ ತಿರುಳು ಎಂದಾದರೆ ಬಳ್ಳಾರಿ ಜಾಲಿ. ಹೂವು ಗುಂಡು ಚೆಂಡಿನಂತಿದ್ದರೆ ಹೆಜ್ಜೆ 4ಕ್ಕೆ ಹೋಗಿ.

ಹೆಜ್ಜೆ 4: ಚೆಂಡು ಅಚ್ಚ ಹಳದಿ, ಕಾಯಿ ಮಣಿಸರದಂತೆ ನಡುನಡುವೆ ಸೊರಗಿದೆ, ತೊಗಟೆ ಕಪ್ಪಾಗಿ ಬಿರಿದಿದೆ ಎಂದಾದರೆ ಕರಿಜಾಲಿ. ಚೆಂಡು ಕೆನೆಬಣ್ಣ, ಕೊಂಬೆಯ ತುದಿಯಲ್ಲಿ ದೊಡ್ಡ ಗೊಂಚಲು, ತೊಗಟೆ ಬೆಳ್ಳಗೆ ಎಂದಾದರೆ ಬಿಳಿಜಾಲಿ.

ಮೂರನೆಯ ಹೆಜ್ಜೆಯಲ್ಲಿ ಹೂವೂ ಕಾಯಿಯೂ ಸಿಗದಿದ್ದರೆ ಎಲೆಯ ಕವಲುಗಳನ್ನು ಎಣಿಸಬೇಕು. ಬಳ್ಳಾರಿ ಜಾಲಿಯ ಎಲೆಯಲ್ಲಿ ಸಾಮಾನ್ಯವಾಗಿ ಒಂದೆರಡು ಜೊತೆ ಕವಲು. ಕರಿಜಾಲಿ, ಬಿಳಿಜಾಲಿಗಳಲ್ಲಿ ಮೂರು ಜೊತೆಗಿಂತ ಹೆಚ್ಚು ಕಾಣುವುದು ವಾಡಿಕೆ. ಒಂದೇ ಎಲೆ ನೋಡಿ ತೀರ್ಮಾನಿಸದೆ ಹತ್ತು ಎಲೆ ಎಣಿಸಲು ಹೇಳಬೇಕು. ಗಣಿತದ ಸರಾಸರಿಗೂ ಇದು ಒಳ್ಳೆಯ ಅಭ್ಯಾಸ.

ಬನ್ನಿ ಮತ್ತು ಬಳ್ಳಾರಿ ಜಾಲಿ: ಒಂದೇ ಬಳಗ, ಬೇರೆ ನಡತೆ

ಈ ಎರಡನ್ನು ಬೇರ್ಪಡಿಸಲು ಕಲಿತರೆ ಪಾಠದ ಮುಖ್ಯ ಉದ್ದೇಶ ಈಡೇರಿದಂತೆ. ಎರಡೂ ಪ್ರೊಸೊಪಿಸ್ ಎಂಬ ಹೆಸರಿನಲ್ಲಿ ಬಂದವು. ಬನ್ನಿ ಪ್ರೊಸೊಪಿಸ್ ಸಿನರೇರಿಯ, ಬಳ್ಳಾರಿ ಜಾಲಿ ಪ್ರೊಸೊಪಿಸ್ ಜೂಲಿಫ್ಲೋರಾ. ಬನ್ನಿ ಈ ನೆಲದ್ದೇ. ಬಳ್ಳಾರಿ ಜಾಲಿ ಅಮೆರಿಕ ಖಂಡದ ಒಣ ಪ್ರದೇಶದ್ದು, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಭಾರತಕ್ಕೆ ತರಲಾಯಿತು. ಉರುವಲಿಗೆ, ಬಂಜರು ಹಸಿರಾಗಲಿ ಎಂದು ಹಬ್ಬಿಸಿದ ಗಿಡ ಈಗ ಕೆರೆಯಂಗಳ, ಹಳ್ಳ, ಗಾಯರಾಣ ಎಲ್ಲವನ್ನೂ ತುಂಬಿದೆ.

ಅದು ಹಬ್ಬುವ ಬಗೆಯನ್ನು ಮಕ್ಕಳೇ ಹೇಳಬಲ್ಲರು. ಆಡು ಸಿಹಿಕಾಯಿ ತಿನ್ನುತ್ತದೆ. ಬೀಜ ಹೊಟ್ಟೆಯಲ್ಲಿ ಅರಗದೆ ಹಿಕ್ಕೆಯೊಡನೆ ಹೊರಬರುತ್ತದೆ, ಅಲ್ಲೇ ಮೊಳೆಯುತ್ತದೆ. ಬೀಜಪ್ರಸರಣದ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಕಡಿದರೂ ಬುಡದಿಂದ ಹಲವು ಚಿಗುರು ಬರುತ್ತವೆ, ಹೀಗಾಗಿ ಕಡಿದಷ್ಟೂ ಪೊದೆ ದಟ್ಟವಾಗುತ್ತದೆ. ಹಾಗೆಂದು ಅದನ್ನು ಬರೀ ಕೆಟ್ಟದ್ದು ಎಂದು ಹೇಳಿ ಮುಗಿಸುವುದೂ ಸರಿಯಲ್ಲ. ಎಷ್ಟೋ ಮನೆಗಳ ಒಲೆ ಉರಿದದ್ದು ಅದರಿಂದಲೇ. ಲಾಭ ಯಾವುದು, ನಷ್ಟ ಯಾವುದು ಎಂದು ಮಕ್ಕಳೇ ಪಟ್ಟಿ ಮಾಡಲಿ.

ಬನ್ನಿಯ ಬೇರು ನೆಲದೊಳಗೆ ಬಹಳ ಆಳಕ್ಕೆ ಇಳಿಯುತ್ತದೆ. ಮೇಲ್ಮಣ್ಣಿನ ನೀರಿಗೆ ಬೆಳೆಯೊಡನೆ ಅಷ್ಟಾಗಿ ಪೈಪೋಟಿ ನಡೆಸುವುದಿಲ್ಲ. ದ್ವಿದಳ ಸಸ್ಯವಾದ್ದರಿಂದ ಮಣ್ಣಿಗೆ ಸಾರಜನಕವನ್ನೂ ಸೇರಿಸುತ್ತದೆ. ಹೊಲದ ನಡುವೆ ಬನ್ನಿ ಬಿಟ್ಟುಕೊಂಡು ಜೋಳ ಬಿತ್ತಿದ ಹಿರಿಯರ ಲೆಕ್ಕ ಇದು. ರಾಜಸ್ಥಾನದಲ್ಲಿ ಇದೇ ಗಿಡಕ್ಕೆ ಖೇಜ್ರಿ ಎಂದು ಹೆಸರು, ಅಲ್ಲಿ ಅದು ರಾಜ್ಯವೃಕ್ಷ. 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿಯಲ್ಲಿ ಅರಸನ ಕಡೆಯವರು ಈ ಮರಗಳನ್ನು ಕಡಿಯಲು ಬಂದಾಗ ಅಮೃತಾದೇವಿ ಸೇರಿದಂತೆ 363 ಬಿಷ್ಣೋಯಿ ಜನ ಮರ ತಬ್ಬಿ ಪ್ರಾಣ ಕೊಟ್ಟರು. ತೆಲಂಗಾಣದಲ್ಲೂ ಜಮ್ಮಿ ಎಂಬ ಹೆಸರಿನಿಂದ ಇದೇ ರಾಜ್ಯವೃಕ್ಷ. ನಮ್ಮಲ್ಲಿ ದಸರೆಯ ದಿನ ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಎನ್ನುತ್ತೇವೆ.

ಗಡಿಯ ಪಕ್ಕದ ಊರುಗಳಲ್ಲಿ ಇನ್ನೊಂದು ವಿಷಯ ಸೇರುತ್ತದೆ. ಮಹಾರಾಷ್ಟ್ರದಲ್ಲಿ ದಸರೆಗೆ ಹಂಚುವುದು ಆಪ್ಟಾ ಎಂಬ ಗಿಡದ ಎಲೆ. ಅದು ಎರಡು ಎಲೆ ಅಂಟಿಸಿದಂತೆ ನಡುವೆ ಸೀಳಿರುತ್ತದೆ. ಬನ್ನಿಯ ಎಲೆಯೋ ಸಣ್ಣಸಣ್ಣ ಕಿರುಎಲೆಗಳ ಸಾಲು. ಎರಡನ್ನೂ ಬಂಗಾರ ಎಂದೇ ಕರೆಯುವುದರಿಂದ ತಿಕೋಟಾ ಪಶ್ಚಿಮದ ಊರಿನ ಮಕ್ಕಳಿಗೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಬೇಕು. ದಸರಾ ರಜೆಗೆ ಮುಂಚಿನ ವಾರ ಈ ಪಾಠಕ್ಕೆ ತಕ್ಕ ಕಾಲ. ಕೊಂಬೆ ಮುರಿಯದೆ ಎಲೆ ಮಾತ್ರ ತೆಗೆಯಬೇಕು ಎಂಬ ಮಾತನ್ನೂ ಆಗಲೇ ಹೇಳಬಹುದು.

ಹೆಸರು ಒಂದಾದರೆ ಬಳಗ ಒಂದೇ?

ಬೇವು, ಹೆಬ್ಬೇವು, ಕರಿಬೇವು ಈ ಮೂರನ್ನೂ ತರಗತಿಗೆ ತಂದು ಕೇಳಬೇಕು. ಹೆಸರು ನೋಡಿದರೆ ಮೂರೂ ಅಣ್ಣತಮ್ಮಂದಿರು. ಬೇವು ಮತ್ತು ಹೆಬ್ಬೇವು ಒಂದೇ ಕುಟುಂಬದವು ನಿಜ. ಬೇವಿನ ಎಲೆ ಒಂದೇ ಸಲ ಒಡೆದಿದೆ, ಕಿರುಎಲೆಯ ಅಂಚು ಗರಗಸದಂತೆ, ಆಕಾರ ಕುಡುಗೋಲಿನಂತೆ. ಹೆಬ್ಬೇವಿನ ಎಲೆ ಎರಡು ಮೂರು ಸಲ ಕವಲೊಡೆದಿದೆ. ಕರಿಬೇವು ಮಾತ್ರ ಬೇರೆ ಮನೆಯದು. ಅದರ ಬಂಧು ಲಿಂಬೆ.

ಇದನ್ನು ಹೇಳುವ ಬದಲು ತೋರಿಸಬಹುದು. ಲಿಂಬೆ, ಕರಿಬೇವು, ಶಿವನಿಗೆ ಏರಿಸುವ ಪತ್ರಿ ಈ ಮೂರರ ಎಲೆಗಳನ್ನು ಬಿಸಿಲಿಗೆ ಎದುರು ಹಿಡಿದು ನೋಡಿದರೆ ಸೂಜಿಯಿಂದ ಚುಚ್ಚಿದಂಥ ಸಣ್ಣ ಚುಕ್ಕಿಗಳು ಕಾಣುತ್ತವೆ. ಅವು ಎಣ್ಣೆಗ್ರಂಥಿಗಳು. ಎಲೆ ಹಿಸುಕಿದಾಗ ವಾಸನೆ ಬರುವುದು ಅವುಗಳಿಂದಲೇ. ಬೇವಿನ ಎಲೆಯಲ್ಲಿ ಅಂಥ ಚುಕ್ಕಿ ಕಾಣುವುದಿಲ್ಲ. 2023ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಇಂಡಿ ಲಿಂಬೆಯ ಜಿಲ್ಲೆ ನಮ್ಮದು. ಲಿಂಬೆಯ ಎಲೆ ಸಿಗದ ಊರೇ ಇಲ್ಲ, ಖರ್ಚಿಲ್ಲದ ಪ್ರಯೋಗ ಇದು.

ವೈಜ್ಞಾನಿಕ ಹೆಸರು ಏಕೆ ಬೇಕು ಎಂಬ ಪ್ರಶ್ನೆಗೂ ಇಲ್ಲೇ ಉತ್ತರ ಸಿಗುತ್ತದೆ. ನಮ್ಮ ತರಗತಿಗಳಲ್ಲಿ ಕನ್ನಡ, ಉರ್ದು, ಮರಾಠಿ, ಲಂಬಾಣಿ ಮನೆಮಾತಿನ ಮಕ್ಕಳು ಕೂಡಿ ಕೂಡುತ್ತಾರೆ. ಒಬ್ಬನ ಬೇವು ಇನ್ನೊಬ್ಬನ ನೀಮ್, ಮತ್ತೊಬ್ಬಳ ಕಡುನಿಂಬ. ಒಬ್ಬನ ಜಾಲಿ ಇನ್ನೊಬ್ಬನ ಬಬೂಲ್. ಒಬ್ಬಳ ಮುತ್ತಲ ಇನ್ನೊಬ್ಬಳ ಪಳಸ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಎರಡು ಪದದ ಹೆಸರಿನ ಕ್ರಮವನ್ನು ಸಸ್ಯಗಳಿಗೆ ಉದ್ದಕ್ಕೂ ಬಳಸಿದ್ದು ಇಂಥ ಗೊಂದಲ ಕಳೆಯಲು. ವೈಜ್ಞಾನಿಕ ಹೆಸರೂ ಕಲ್ಲಿನಲ್ಲಿ ಕೊರೆದದ್ದಲ್ಲ. ಕರಿಜಾಲಿಯನ್ನು ನಾವು ಬಿಎಸ್‌ಸಿಯ ಹಳೆಯ ಪುಸ್ತಕಗಳಲ್ಲಿ ಅಕೇಶಿಯ ನಿಲೋಟಿಕ ಎಂದು ಓದಿದೆವು. 2005ರಲ್ಲಿ ವಿಯೆನ್ನಾದ ಅಂತರರಾಷ್ಟ್ರೀಯ ಸಸ್ಯವಿಜ್ಞಾನ ಸಮ್ಮೇಳನದಲ್ಲಿ ಅಕೇಶಿಯ ಎಂಬ ಹೆಸರು ಆಸ್ಟ್ರೇಲಿಯದ ಜಾತಿಗಳಿಗೆ ಉಳಿಯುವಂತೆ ತೀರ್ಮಾನವಾಯಿತು. ಹೀಗಾಗಿ ನಮ್ಮ ಕರಿಜಾಲಿ ಈಗ ವ್ಯಾಚೆಲಿಯ ನಿಲೋಟಿಕ.

ಮೂರು ಅಂಕಣದ ಒಂದು ಪುಸ್ತಕವನ್ನು ಮಕ್ಕಳು ಇಡಲಿ: ಮನೆಯ ಹೆಸರು, ಪಾಠದ ಹೆಸರು, ವೈಜ್ಞಾನಿಕ ಹೆಸರು. ಮೊದಲ ಅಂಕಣ ತುಂಬುವುದು ಅಜ್ಜ ಅಜ್ಜಿಯರನ್ನು ಕೇಳಿ. ಎರಡನೆಯದು ತರಗತಿಯಲ್ಲಿ. ಮೂರನೆಯದು ಶಿಕ್ಷಕರ ನೆರವಿನಿಂದ. ಮೊದಲ ಅಂಕಣದಲ್ಲಿ ಒಂದು ಗಿಡಕ್ಕೆ ನಾಲ್ಕು ಹೆಸರು ಬಂದರೆ ನಾಲ್ಕನ್ನೂ ಬರೆಯಬೇಕು.

ಹೂಗಳು: ಯಾವ ತಿಂಗಳು ಏನು ಸಿಗುತ್ತದೆ?

ನಮ್ಮ ಅಭ್ಯಾಸ ಬೋಧನೆ ಹೆಚ್ಚಾಗಿ ಮಳೆಗಾಲದ ಕೊನೆಗೆ ಬೀಳುತ್ತದೆ. ಸೆಪ್ಟೆಂಬರ್ ನಮ್ಮ ಜಿಲ್ಲೆಗೆ ಒಳ್ಳೆಯ ಮಳೆಯ ತಿಂಗಳು, ಮಡ್ಡಿ ಹಸಿರಾಗುವುದು ಆಗಲೇ. ಆಗ ಸಿಗುವ ಹೂಗಳಿವು.

ಅವರಿಕೆ. ತಂಗಡಿ ಎಂದೂ ಕರೆಯುತ್ತಾರೆ. ಐದು ದಳದ ಹೊಳೆಯುವ ಹಳದಿ ಹೂ, ಚಪ್ಪಟೆ ಕಾಯಿ. ಎಲೆಯ ಬುಡದಲ್ಲಿ ಕಿವಿಯಂಥ ಎರಡು ಹಸಿರು ಹಾಳೆಗಳಿರುವುದೇ ಇದರ ಗಟ್ಟಿ ಗುರುತು. ಸೆನ್ನಾ ಆರಿಕ್ಯುಲೇಟ ಎಂಬ ಹೆಸರಿನ ಎರಡನೆಯ ಪದಕ್ಕೂ ಕಿವಿಯುಳ್ಳದ್ದು ಎಂದೇ ಅರ್ಥ. ಇದರ ತೊಗಟೆಯನ್ನು ಚರ್ಮ ಹದ ಮಾಡಲು ಬಳಸುತ್ತಿದ್ದರು.

ತುಂಬೆ. ಚೌಕ ಕಾಂಡ, ಬಿಳಿ ಹೂವಿಗೆ ಎರಡು ತುಟಿ. ಕೆಳತುಟಿಯ ಮೇಲೆ ಜೇನುಹುಳ ಕೂಡುವುದನ್ನು ಐದು ನಿಮಿಷ ಕಾದರೆ ನೋಡಬಹುದು.

ವಿಷ್ಣುಕ್ರಾಂತಿ. ನೆಲಕ್ಕಂಟಿ ಹರಡುವ ಎಳೆಗಳ ಮೇಲೆ ನೀಲಿ ಗುಂಡು ಹೂ. ಬೆಳಗಿನ ಹೊತ್ತು ನೋಡಬೇಕು, ಹೊತ್ತೇರಿದ ಮೇಲೆ ಬಾಡುತ್ತದೆ. ಮಧ್ಯಾಹ್ನದ ಅವಧಿಗೆ ಈ ಹೂವನ್ನು ಯೋಜಿಸಿಕೊಳ್ಳಬಾರದು.

ಎಕ್ಕೆ. ಎರಡು ಜಾತಿ. ಒಂದರ ದಳಗಳು ಅಗಲವಾಗಿ ಚಾಚಿ ಹಿಂದಕ್ಕೆ ಬಾಗಿರುತ್ತವೆ. ಇನ್ನೊಂದರ ದಳಗಳು ನೆಟ್ಟಗೆ ನಿಂತು ತುದಿಯಲ್ಲಿ ನೇರಳೆ ಬಣ್ಣ ಹೊಂದಿರುತ್ತವೆ. ಎಲೆ ತಿನ್ನುವ ಪಟ್ಟೆಪಟ್ಟೆ ಹುಳು ಸಿಕ್ಕರೆ ಅದು ಚಿಟ್ಟೆಯ ಮರಿ; ಆಹಾರ ಸರಪಳಿಯ ಪಾಠಕ್ಕೂ ಆಗುತ್ತದೆ.

ಉತ್ತರಾಣಿ ಮತ್ತು ನೆಗ್ಗಿಲು. ಇವು ಹೂವಿಗಿಂತ ಕಾಯಿಯಿಂದ ಗುರುತಾಗುತ್ತವೆ. ಒಂದು ಬಟ್ಟೆಗೆ ಅಂಟುತ್ತದೆ, ಇನ್ನೊಂದು ಚಪ್ಪಲಿಗೆ ಚುಚ್ಚುತ್ತದೆ. ಕ್ಷೇತ್ರದಿಂದ ಬಂದ ಮೇಲೆ ಮಕ್ಕಳ ಬಟ್ಟೆ, ಚಪ್ಪಲಿಗಳಿಂದ ಬಿಡಿಸಿದ ಬೀಜಗಳನ್ನು ಎಣಿಸಿದರೆ ಪ್ರಸರಣದ ಪಾಠ ಮತ್ತೊಮ್ಮೆ ಆಗುತ್ತದೆ.

ಫೆಬ್ರುವರಿ ಮಾರ್ಚಿನಲ್ಲಿ ಎಲೆಯುದುರಿದ ಮುತ್ತಲ ಕೇಸರಿ ಹೂ ಬಿಡುತ್ತದೆ. ಮೂರು ದೊಡ್ಡ ಕಿರುಎಲೆಗಳ ಈ ಎಲೆಯನ್ನೇ ಪತ್ರಾವಳಿಗೆ ಹೊಲಿಯುತ್ತಿದ್ದರು. ಯುಗಾದಿಯ ಹೊತ್ತಿಗೆ ಬೇವಿನ ಹೂ. ಇವು ಬರುವಾಗ ನಾವು ಶಾಲೆಯಲ್ಲಿ ಇರುವುದಿಲ್ಲ. ಆದ್ದರಿಂದ ಗಿಡವನ್ನು ಈಗಲೇ ಗುರುತಿಸಿಕೊಟ್ಟು, ಹೂ ಬಂದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವಂತೆ ಮಕ್ಕಳಿಗೂ ತರಗತಿ ಶಿಕ್ಷಕರಿಗೂ ಹೇಳಿ ಬರಬೇಕು.

ನಗರದ ಶಾಲೆಗಳಿಗೆ

ವಿಜಯಪುರ ನಗರದಲ್ಲಿ ಮಡ್ಡಿ ದೂರ ಎನ್ನುವವರಿಗೆ ಸ್ಮಾರಕಗಳ ಆವರಣ ಇದೆ. ಕೇಂದ್ರ ಪುರಾತತ್ತ್ವ ಇಲಾಖೆಯ ಸ್ಮಾರಕಗಳಿಗೆ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಶುಲ್ಕವಿಲ್ಲ. ಕೋಟೆಗೋಡೆಯ ಬಿರುಕಿನಲ್ಲಿ ಬೇರೂರಿದ ಅರಳಿಯ ಸಸಿ, ಕಂದಕದ ಅಂಚಿನ ಎಕ್ಕೆ, ಎಲ್ಲವೂ ಪಾಠವೇ. ಅರಳಿಯ ಬೀಜ ಅಷ್ಟು ಎತ್ತರಕ್ಕೆ ಹೇಗೆ ಹೋಯಿತು ಎಂದು ಕೇಳಿದರೆ ಹಕ್ಕಿಯ ಹೆಸರು ಬರುತ್ತದೆ.

ನಗರದಲ್ಲಿ ಹಳೆಯ ಆನೆಹುಣಸೆಗಳೂ ಇವೆ. ದೊಡ್ಡಹುಣಸೆ, ಗೋರಖಚಿಂಚ ಎಂಬ ಹೆಸರುಗಳೂ ಇದಕ್ಕುಂಟು. ಹೆಸರಿನಲ್ಲಿ ಹುಣಸೆ ಇದ್ದರೂ ಹುಣಸೆಗೂ ಇದಕ್ಕೂ ನಂಟಿಲ್ಲ. ಇದು ಆಫ್ರಿಕದ ಬಾವೊಬಾಬ್. ಎಲೆ ಅಂಗೈಯಂತೆ, ಐದರಿಂದ ಏಳು ಕಿರುಎಲೆ. ಜೋತುಬೀಳುವ ದೊಡ್ಡ ಬಿಳಿ ಹೂ ಸಂಜೆಯ ಮೇಲೆ ಅರಳುತ್ತದೆ, ಬಾವಲಿಗಳು ಪರಾಗಸ್ಪರ್ಶ ಮಾಡುತ್ತವೆ. ಬೇಸಿಗೆಯಲ್ಲಿ ಎಲೆಯೇ ಇರುವುದಿಲ್ಲ, ಆಗ ಉಬ್ಬಿದ ಕಾಂಡವೇ ಗುರುತು. ನಾಲ್ಕೈದು ಮಕ್ಕಳು ಕೈ ಹಿಡಿದು ಸುತ್ತಳತೆ ಅಂದಾಜು ಮಾಡಿ, ಆಮೇಲೆ ಹಗ್ಗದಿಂದ ಅಳೆಯಲಿ. ಹಾವೇರಿ ಜಿಲ್ಲೆಯ ಸವಣೂರಿನಲ್ಲೂ ಇದೇ ಜಾತಿಯ ಹೆಸರಾಂತ ಮರಗಳಿವೆ.

ಎಚ್ಚರಿಕೆಗಳು

ಗುರುತಿಸುವ ಪಾಠದಲ್ಲಿ ರುಚಿ ನೋಡುವುದು ನಿಷಿದ್ಧ. ಇದನ್ನು ಹೊರಡುವ ಮುನ್ನವೇ ಹೇಳಬೇಕು. ಕಾಡು ಔಡಲ ಎನ್ನುವ ಜಟ್ರೋಫಾದ ಬೀಜ ಶೇಂಗಾದಂತೆ ರುಚಿಸುವುದರಿಂದ ಮಕ್ಕಳು ತಿಂದು ವಾಂತಿ ಭೇದಿಗೆ ಒಳಗಾಗುವುದುಂಟು. ದತ್ತೂರಿಯ ಮುಳ್ಳುಕಾಯಿ, ಕಣಗಿಲದ ಎಲ್ಲ ಭಾಗ, ಕೆಂಪು ಕಪ್ಪು ಗುಲಗಂಜಿಯ ಬೀಜ ಇವು ಪ್ರಾಣಕ್ಕೇ ಅಪಾಯ. ಎಕ್ಕೆಯ ಹಾಲು ಕಣ್ಣಿಗೆ ತಾಗಬಾರದು. ತಾಗಿದರೆ ಸಾಕಷ್ಟು ನೀರಿನಿಂದ ತೊಳೆದು ಆಸ್ಪತ್ರೆಗೆ ಕರೆದೊಯ್ಯಬೇಕು. ಕಾಂಗ್ರೆಸ್ ಕಸ ಹಲವರಿಗೆ ತುರಿಕೆ, ಸೀನು ತರುತ್ತದೆ, ಅದರ ನಡುವೆ ನಡೆಸಬಾರದು. ವಿಷದ ಗಿಡ ಗುರುತಿಸುವುದೂ ಕಲಿಕೆಯೇ, ಅದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ದೂರ ನಿಂತು ತೋರಿಸಬೇಕು.

ಕಾಲಿಗೆ ಚಪ್ಪಲಿ ಅಥವಾ ಬೂಟು, ಕುಡಿಯುವ ನೀರು, ಮುಖ್ಯಗುರುಗಳ ಅನುಮತಿ, ಜತೆಗೆ ಊರಿನ ಒಬ್ಬ ಹಿರಿಯರು ಇರಲಿ. ಕುರಿ ಕಾಯುವ ಹಿರಿಯರು ಸಿಕ್ಕರೆ ಅವರೇ ಆ ದಿನದ ಸಂಪನ್ಮೂಲ ವ್ಯಕ್ತಿ. ಕಲ್ಲು ಮಗುಚುವುದು, ಪೊದೆಗೆ ಕೈ ಹಾಕುವುದು ಬೇಡ.

ಪಾಠದ ಹಂತಗಳು

ಎರಡು ಅವಧಿ ಕೂಡಿಸಿ 80 ನಿಮಿಷ ಸಿಕ್ಕರೆ ಸಾಕು. ಮೊದಲ 10 ನಿಮಿಷ ಐದು ಅಂಶಗಳ ಪರಿಚಯ, ಎಚ್ಚರಿಕೆ, ಐದೈದು ಮಕ್ಕಳ ಗುಂಪು. ಮುಂದಿನ 35 ನಿಮಿಷ ಹೊರಗೆ. ಪ್ರತಿ ಗುಂಪಿಗೆ ಎರಡು ಮರ, ಎರಡು ಹೂ. ಎಲ್ಲ ಗುಂಪಿಗೂ ಅದೇ ಗಿಡ ಕೊಟ್ಟರೆ ಒಬ್ಬರದನ್ನು ಒಬ್ಬರು ನೋಡಿ ಬರೆಯುತ್ತಾರೆ, ಬೇರೆ ಬೇರೆ ಕೊಡಬೇಕು. ನಂತರ 20 ನಿಮಿಷ ತರಗತಿಯಲ್ಲಿ ಕೀಲಿ ಹಿಡಿದು ಹೆಸರು ಹುಡುಕುವುದು, ಗುಂಪುಗಳು ತಮ್ಮ ತೀರ್ಮಾನಕ್ಕೆ ಕಾರಣ ಹೇಳುವುದು. ಕೊನೆಯ 15 ನಿಮಿಷ ಚರ್ಚೆ ಮತ್ತು ಹೆಸರಿನ ಪುಸ್ತಕ.

ಮಾದರಿ ಸಂಗ್ರಹಕ್ಕೆ ಬಿದ್ದ ಎಲೆ, ಒಣಕಾಯಿ ಮಾತ್ರ. ಎಲೆಗಳನ್ನು ಹಳೆಯ ಪತ್ರಿಕೆಯ ನಡುವೆ ಇಟ್ಟು ಮೇಲೆ ಭಾರ ಹೇರಿ, ಎರಡು ದಿನಕ್ಕೊಮ್ಮೆ ಹಾಳೆ ಬದಲಿಸಿದರೆ ಎರಡು ವಾರದಲ್ಲಿ ಒಣಗುತ್ತವೆ. ಹಾಳೆಗೆ ಅಂಟಿಸಿ ಹೆಸರು, ಸ್ಥಳ, ದಿನಾಂಕ, ಸಂಗ್ರಹಿಸಿದವರ ಹೆಸರು ಬರೆಯಬೇಕು. ಸ್ಥಳ ದಿನಾಂಕವಿಲ್ಲದ ಮಾದರಿ ವಿಜ್ಞಾನಕ್ಕೆ ಉಪಯೋಗವಿಲ್ಲ ಎಂಬುದು ಮಕ್ಕಳಿಗೆ ಆಗಲೇ ಗೊತ್ತಾಗಲಿ.

ಮೌಲ್ಯಮಾಪನವನ್ನೂ ಗಿಡದ ಎದುರೇ ಮಾಡಬೇಕು. ಹೆಸರು ತೆಗೆದ ಮೂರು ಕಡ್ಡಿಗಳನ್ನು ಮೇಜಿನ ಮೇಲಿಟ್ಟು, "ಇದು ಬನ್ನಿ ಎಂದು ಹೇಗೆ ಹೇಳುವಿರಿ? ಎರಡು ಕಾರಣ ಕೊಡಿ" ಎಂದು ಕೇಳಬೇಕು. ಹೆಸರಿಗೆ ಒಂದು ಅಂಕ, ಕಾರಣಕ್ಕೆ ಎರಡು. ಹೆಸರು ತಪ್ಪಿ ಕಾರಣ ಸರಿಯಿದ್ದ ಮಗು ಮುಂದಿನ ಸಲ ಹೆಸರನ್ನೂ ಸರಿಯಾಗಿ ಹೇಳುತ್ತದೆ.

ಶಿಕ್ಷಕರ ಸಿದ್ಧತೆ

ಶಿಕ್ಷಕರಿಗೆ ಎಲ್ಲ ಗಿಡ ಗೊತ್ತಿರಬೇಕಿಲ್ಲ. ಹತ್ತು ಗಿಡ ಚೆನ್ನಾಗಿ ಗೊತ್ತಿದ್ದು, ಹನ್ನೊಂದನೆಯದನ್ನು ಹುಡುಕುವ ದಾರಿ ಗೊತ್ತಿದ್ದರೆ ಸಾಕು. ಪಾಠದ ಮುಂಚಿನ ದಿನ ಅದೇ ದಾರಿಯಲ್ಲಿ ಒಮ್ಮೆ ನಡೆದು ಬರಬೇಕು. ನಮ್ಮ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತದಲ್ಲಿತ್ತು. ಆದ್ದರಿಂದ ಥಿಯೊಡೋರ್ ಕುಕ್ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಪ್ರಕಟಿಸಿದ ಮುಂಬಯಿ ಪ್ರಾಂತದ ಸಸ್ಯಸಂಪುಟಗಳು ನಮ್ಮ ಗಿಡಗಳಿಗೂ ಅನ್ವಯಿಸುತ್ತವೆ. ಕನ್ನಡದಲ್ಲಿ ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದು ಸಸ್ಯ ಕಲಿಸುವುದು ಹೇಗಿರುತ್ತದೆ ಎಂದು ತಿಳಿಯಲು ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಓದಬೇಕು. ಪ್ರಶಿಕ್ಷಣಾರ್ಥಿಗಳಿಗೆ ಅದು ಬೋಧನಾ ವಿಧಾನದ ಪುಸ್ತಕವೂ ಹೌದು.

ಕೊನೆಯದಾಗಿ ಒಂದು ಸಲಹೆ. ಪ್ರತಿ ವರ್ಷ ನಮ್ಮ ತಂಡಗಳು ಬೇರೆ ಬೇರೆ ಊರಿನ ಶಾಲೆಗಳಿಗೆ ಹೋಗುತ್ತವೆ. ಪ್ರತಿ ತಂಡವೂ ಆ ಶಾಲೆಯ ಸುತ್ತಲಿನ ಹದಿನೈದು ಗಿಡಗಳ ಮನೆಹೆಸರು, ನಿಂತ ಜಾಗ, ಹೂ ಬಿಡುವ ತಿಂಗಳನ್ನು ಒಂದು ಹಾಳೆಯಲ್ಲಿ ಬರೆದು ಕಾಲೇಜಿನ ಗ್ರಂಥಾಲಯದಲ್ಲೂ ಆ ಶಾಲೆಯಲ್ಲೂ ಒಂದೊಂದು ಪ್ರತಿ ಇಡಬಹುದು. ಮುಂದಿನ ವರ್ಷದ ತಂಡ ಅದನ್ನು ಹಿಡಿದು ಹೋಗಿ, ಹದಿನೈದರಲ್ಲಿ ಎಷ್ಟು ಉಳಿದಿವೆ ಎಂದು ಮೊದಲು ಎಣಿಸಲಿ.